ಐದು ಅಳಿಸಿ ನಾಲ್ಕು ಬರೆದೆ

2018ರ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ಬಿಟಿಎಂ ಲೇಔಟಿನಲ್ಲಿ ಬೇಕರಿಯೊಂದರ ಮೇಲಿದ್ದ ಆಫೀಸಿನಲ್ಲಿ ಕೂತು ಒಬ್ಬ ಹುಡುಗನ ರೆಸ್ಯೂಮಿನಲ್ಲಿ ಒಂದೇ ಒಂದು ಅಂಕಿ ಬದಲಾಯಿಸಿದೆ. 'ಜುಲೈ 2015ರಿಂದ ಇಲ್ಲಿಯವರೆಗೆ' ಎಂದಿತ್ತು. ಐದು ಅಳಿಸಿ ನಾಲ್ಕು ಬರೆದೆ. ಸೇವ್ ಮಾಡಿ ಕಂಪನಿಗೆ ಮೇಲ್ ಕಳಿಸಿದೆ. ಆಮೇಲೆ ಕೆಳಗಿಳಿದು ಹೋಗಿ ಒಂದು ಎಗ್ ಪಫ್, ಒಂದು ಟೀ. ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು, ಅಂಥದ್ದೇನೂ ಆಗಲಿಲ್ಲ. ಪಫ್ ಬಿಸಿ ಇತ್ತು ಅನ್ನೋದು ಮಾತ್ರ ಚೆನ್ನಾಗಿ ನೆನಪಿದೆ.

ನಾನು ರಿಕ್ರೂಟರ್. ಕಂಪನಿಗಳಿಗೆ ಜನ ಹುಡುಕಿಕೊಡುವ ಕೆಲಸ. ನಮ್ಮೂರು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ತುಮಕೂರಿನಲ್ಲಿ ಎಂಬಿಎ ಮುಗಿಸಿ 2016ರಲ್ಲಿ ಬೆಂಗಳೂರಿಗೆ ಬಂದೆ. ಅಪ್ಪ ಊರಲ್ಲೆಲ್ಲ 'ನನ್ನ ಮಗಳು ಎಚ್‌ಆರ್' ಅಂತ ಹೇಳಿಕೊಂಡು ಬಂದಿದ್ದರು. ನಿಜ ಹೇಳಬೇಕೆಂದರೆ ನಾನು ಫೋನ್ ಮಾಡುವವಳು. ತಿಂಗಳಿಗೆ 12,000 ಸಂಬಳ, ಆಳು ಜಾಯಿನ್ ಆದರೆ ಮೇಲೆ ಸ್ವಲ್ಪ ಇನ್ಸೆಂಟಿವ್. ದಿನಕ್ಕೆ 80 ಕಾಲ್ ಮಾಡಬೇಕು, ಐದು ಜನರನ್ನು ಇಂಟರ್ವ್ಯೂಗೆ ಲೈನಪ್ ಮಾಡಬೇಕು. ಜಾಬ್ ಪೋರ್ಟಲ್‌ನ ಲಾಗಿನ್ ಒಂದೇ, ಆರು ಜನ ಹಂಚಿಕೊಳ್ಳಬೇಕು. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬೀಳುತ್ತಿದ್ದೆವು. ಅದಕ್ಕೇ ದಿನಕ್ಕೆ ಎರಡು ಜಗಳ ಗ್ಯಾರಂಟಿ.

ಈ ಧಂಧೆಯಲ್ಲಿ ದುಡ್ಡು ಹೇಗೆ ಹರಿಯುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಅದು ಗೊತ್ತಾಗದಿದ್ದರೆ ಮಿಕ್ಕಿದ್ದು ಅರ್ಥವಾಗುವುದಿಲ್ಲ. ನಾವು ಕಳಿಸಿದ ಆಳು ಕೆಲಸಕ್ಕೆ ಸೇರಿದರೆ, ಅವನ ವರ್ಷದ ಸಂಬಳದಲ್ಲಿ ನೂರಕ್ಕೆ ಇಷ್ಟು ಅಂತ ಕಂಪನಿ ನಮಗೆ ಕೊಡುತ್ತದೆ. ಎಲ್ಲರ ಬಾಯಲ್ಲೂ ಇರುವ ರೇಟು 8.33. ಅಂದರೆ ಹನ್ನೆರಡರಲ್ಲಿ ಒಂದು ಪಾಲು, ಅವನ ಒಂದು ತಿಂಗಳ ಸಂಬಳ. 9 ಲಕ್ಷದ ಆಳಾದರೆ ನಮಗೆ ಸುಮಾರು 75,000. ಆದರೆ ಅವನು 90 ದಿನದೊಳಗೆ ಬಿಟ್ಟು ಹೋದರೆ ಪುಕ್ಕಟೆಯಾಗಿ ಇನ್ನೊಬ್ಬನನ್ನು ಹುಡುಕಿಕೊಡಬೇಕು, ಇಲ್ಲವೇ ದುಡ್ಡು ವಾಪಸ್ ಕೊಡಬೇಕು. ಇದಕ್ಕೆ ರಿಪ್ಲೇಸ್‌ಮೆಂಟ್ ಅಂತಾರೆ. ಕೆಲಸ ಹುಡುಕುವವನು ಒಂದು ಪೈಸೆ ಕೊಡಬೇಕಾಗಿಲ್ಲ. ಕೇಳಲಿಕ್ಕೆ ಒಳ್ಳೆಯದೇ. ಆದರೆ ದುಡ್ಡು ಕೊಡುವವರ ಕಡೆಗೇ ಎಲ್ಲರ ಮುಖ ತಿರುಗಿರುತ್ತದೆ, ಅಲ್ವಾ? ಊರು ಬಿಟ್ಟು, ಇರುವ ಕೆಲಸ ಬಿಟ್ಟು, ಪಿಜಿ ಬದಲಾಯಿಸಿ ಬರುವವನು ನಮ್ಮ ಲೆಕ್ಕದಲ್ಲಿ ಗಿರಾಕಿ ಅಲ್ಲ. ಅವನು ಮಾಲು. ಆಫೀಸಿನಲ್ಲಿ ಯಾರೂ ಈ ಮಾತು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಆದರೆ ಟ್ರ್ಯಾಕರ್ ಅನ್ನುವ ಆ ಎಕ್ಸೆಲ್ ಶೀಟು ನೋಡಿದರೆ ಸಾಕಿತ್ತು. ಹೆಸರು, ಈಗಿನ ಸಂಬಳ, ಕೇಳುವ ಸಂಬಳ, ನೋಟಿಸ್ ಪೀರಿಯಡ್, ಮದುವೆ ಆಗಿದೆಯೋ ಇಲ್ಲವೋ. ಸಂತೆಯಲ್ಲಿ ಕಟ್ಟಿದ ದನದ ವಿವರ ಬೇರೆ ಏನಿರುತ್ತದೆ?

ದನದ ಮಾತು ಸುಮ್ನೆ ಬಂದಿದ್ದಲ್ಲ. ನಮ್ಮ ತಾತ ಸಿದ್ಧಗಂಗೆ ಜಾತ್ರೆಯಲ್ಲಿ ದನದ ದಲ್ಲಾಳಿ. ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಕುದುರಿಸುತ್ತಿದ್ದರು. ಕೊಳ್ಳುವವನು ದನದ ಹಲ್ಲು ನೋಡಿ ವಯಸ್ಸು ಲೆಕ್ಕ ಹಾಕುತ್ತಾನೆ, ಸುಳಿ ನೋಡುತ್ತಾನೆ, ಒಂದು ಸುತ್ತು ನಡೆಸಿ ನೋಡುತ್ತಾನೆ. ತಾತ ಪಕ್ಕದಲ್ಲಿ ನಿಂತು ಬಾಯಿ ಮುಚ್ಚಿಕೊಂಡಿರುತ್ತಿದ್ದರಂತೆ. ಹಲ್ಲಿನ ಬಗ್ಗೆ ದಲ್ಲಾಳಿ ಸುಳ್ಳು ಹೇಳಿದರೆ ಮುಂದಿನ ವರ್ಷದ ಜಾತ್ರೆಗೆ ಅವನು ಬರುವ ಹಾಗಿಲ್ಲ, ಅಷ್ಟೇ ಅವರ ಕಾರಣ. ದೊಡ್ಡ ಧರ್ಮರಾಯನೇನೂ ಅಲ್ಲ ನಮ್ಮ ತಾತ. ಬೇರೆ ವಿಷಯಗಳಲ್ಲಿ ಬೇಕಾದಷ್ಟು ಸುಳ್ಳು ಹೇಳುತ್ತಿದ್ದರು.

ನಮ್ಮ ಟೀಮ್ ಲೀಡ್ ಬಾಯಲ್ಲಿ ಯಾವಾಗಲೂ ಇದ್ದದ್ದು ಬೇರೆ ಗಾದೆ. 'ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಮ್ಮ. ನಾವು ಮಾಡ್ತಿರೋದೂ ಅದೇ.' ಅವರು ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಮನೆಯಿಂದ ತಿಳಿಸಾರು ತಂದುಕೊಟ್ಟವರು. ಅವರಿಗೂ ಟಾರ್ಗೆಟ್ ಇತ್ತು, ಮನೆ ಲೋನ್ ಇತ್ತು.

ಆ ಹುಡುಗ ಹಾವೇರಿ ಕಡೆಯವನು. 2014ರಲ್ಲಿ ಇಂಜಿನಿಯರಿಂಗ್ ಮುಗಿಸಿ ಒಂದು ವರ್ಷ ಕೆಲಸ ಸಿಗದೆ ಬೆಂಗಳೂರಿನಲ್ಲಿ ಜಾವಾ ಕೋರ್ಸ್ ಮಾಡಿದ್ದ. ಆಮೇಲೆ ಒಂದು ಸಣ್ಣ ಕಂಪನಿ ಸೇರಿ ಮೂರು ವರ್ಷ ಒಂದು ತಿಂಗಳಾಗಿತ್ತು. ನಮಗೆ ಬಂದಿದ್ದ ಓಪನಿಂಗ್‌ಗೆ ಬೇಕಿದ್ದದ್ದು ಕನಿಷ್ಠ ನಾಲ್ಕು ವರ್ಷ. ಅದಕ್ಕಿಂತ ಕಡಿಮೆ ಇದ್ದರೆ ಕಂಪನಿಯವರು ರೆಸ್ಯೂಮ್ ತೆರೆದೇ ನೋಡುವುದಿಲ್ಲ. 'ಹುಡುಗ ಚೆನ್ನಾಗಿದಾನೆ ಸರ್, ಆದ್ರೆ ವರ್ಷ ಸಾಲಲ್ಲ' ಅಂತ ಟೀಮ್ ಲೀಡ್‌ಗೆ ಹೇಳಿದೆ. 'ಕೋರ್ಸ್ ಮಾಡಿದ ವರ್ಷ ಸೇರಿಸು' ಅಂದರು. 'ಅವರನ್ನ ಒಂದು ಮಾತು ಕೇಳ್ಲಾ?' ಅಂದೆ. 'ಕೇಳಿದ್ರೆ ಹೆದರ್ತಾನೆ. ಒಳ್ಳೇದೇ ಮಾಡ್ತಿದೀವಲ್ಲ' ಅಂದರು.

ಆಮೇಲೆ ಅವನಿಗೆ ಫೋನ್ ಮಾಡಿ ಹೇಳಿದೆ: 'ಒಟ್ಟು ಅನುಭವ ಎಷ್ಟು ಅಂತ ಕೇಳಿದ್ರೆ ಟ್ರೈನಿಂಗ್ ಸೇರಿ ನಾಲ್ಕು ಅನ್ನಿ. ಆ ಕಂಪನಿಯವರು ಹಾಗೇ ಲೆಕ್ಕ ಹಾಕೋದು.' ಕಂಪನಿಯವರು ಹಾಗೇನೂ ಲೆಕ್ಕ ಹಾಕುತ್ತಿರಲಿಲ್ಲ. ಅವನು ನಂಬಿದ. ಎಚ್‌ಆರ್ ಮೇಡಂ ಹೇಳಿದ ಮೇಲೆ ಯಾಕೆ ನಂಬಬಾರದು?

ಮೂರು ರೌಂಡ್ ಇಂಟರ್ವ್ಯೂ ಆಯಿತು. ಮೂರನ್ನೂ ಅವನು ತನ್ನ ಸ್ವಂತ ಶಕ್ತಿಯಿಂದ ಪಾಸಾದ, ಅದರಲ್ಲಿ ನಮ್ಮ ಅಂಕಿಯದ್ದೇನೂ ಪಾತ್ರವಿಲ್ಲ. 5.4 ಲಕ್ಷದಲ್ಲಿದ್ದವನಿಗೆ 9 ಲಕ್ಷದ ಆಫರ್ ಬಂತು. ಅವನು ಪೇಪರ್ ಹಾಕಿದ, ಅಂದರೆ ಇದ್ದ ಕೆಲಸಕ್ಕೆ ರಾಜೀನಾಮೆ ಕೊಟ್ಟ. 60 ದಿನ ನೋಟಿಸ್. ನನ್ನ ಲೆಕ್ಕಕ್ಕೆ 3,000 ಇನ್ಸೆಂಟಿವ್ ಬರುವುದಿತ್ತು. ಅದರಲ್ಲಿ ಅಮ್ಮನಿಗೆ ಮಿಕ್ಸಿ ಕೊಡಿಸಬೇಕು ಅಂದುಕೊಂಡಿದ್ದೆ.

ಆಫರ್ ಕೊಟ್ಟ ಮೇಲೆ ಕಂಪನಿಗಳು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡಿಸುತ್ತವೆ. ಹಲ್ಲು ಎಣಿಸುವ ಕೆಲಸ. ಇದಕ್ಕೆ ಬೇರೆಯೇ ಏಜೆನ್ಸಿಗಳಿವೆ. ಡಿಗ್ರಿ ನಿಜವೋ ಅಂತ ಯೂನಿವರ್ಸಿಟಿಗೆ ಬರೆಯುತ್ತಾರೆ, ಹಳೇ ಕಂಪನಿಗೆ ಮೇಲ್ ಹಾಕುತ್ತಾರೆ, ಸಂಬಳದ ಚೀಟಿ, ಆದಾಯ ತೆರಿಗೆ ದಾಖಲೆ ನೋಡುತ್ತಾರೆ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಪಿಎಫ್‌ನದ್ದು. 2014ರಲ್ಲಿ ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ಒಂದೇ ಪಿಎಫ್ ನಂಬರ್, ಬಂದ ಮೇಲೆ ಯಾರು ಯಾವ ಕಂಪನಿಗೆ ಯಾವ ದಿನ ಸೇರಿದರು, ಯಾವ ದಿನ ಬಿಟ್ಟರು ಅನ್ನೋದು ಒಂದೇ ಕಡೆ ಕಾಣುತ್ತದೆ. ಅದನ್ನು ವರ್ಡ್ ಫೈಲಿನಂತೆ ತಿದ್ದಲಾಗುವುದಿಲ್ಲ.

ಆದರೆ ಈ ಹುಡುಗ ಸಿಕ್ಕಿಬಿದ್ದದ್ದು ಪಿಎಫ್‌ನಿಂದಲೂ ಅಲ್ಲ. ವೆರಿಫಿಕೇಶನ್ ಫಾರಂ ಅವನೇ ತುಂಬಬೇಕು. ಅವನು ಪ್ರಾಮಾಣಿಕವಾಗಿ 'ಜುಲೈ 2015' ಅಂತ ಬರೆದ. ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲೂ ಅದೇ ಇತ್ತು, ಪಿಎಫ್‌ನಲ್ಲೂ ಅದೇ. ನಾವು ಕಳಿಸಿದ ರೆಸ್ಯೂಮಿನಲ್ಲಿ ಮಾತ್ರ 2014. ಅವನು ಸುಳ್ಳು ಬರೆದಿದ್ದರೆ ಇನ್ನೂ ಸ್ವಲ್ಪ ದಿನ ತಳ್ಳಬಹುದಿತ್ತೋ ಏನೋ. ನಿಜ ಬರೆದು ಸಿಕ್ಕಿಬಿದ್ದ.

ಜಾಯಿನಿಂಗ್‌ಗೆ ಮೂರು ದಿನ ಇದೆ ಅನ್ನುವಾಗ ಕಂಪನಿಯ ಮೇಲ್ ಬಂತು. 'ಮಾಹಿತಿಯಲ್ಲಿ ವ್ಯತ್ಯಾಸ ಕಂಡುಬಂದಿದ್ದರಿಂದ ಆಫರ್ ಹಿಂಪಡೆಯಲಾಗಿದೆ.' ಹತ್ತು ನಿಮಿಷಕ್ಕೆ ಅವನ ಫೋನ್.

'ಮೇಡಂರೀ, ನಾ ಕಳಿಸಿದ್ ರೆಸ್ಯೂಮಿನಾಗ ಹದಿನೈದ ಐತ್ರೀ. ಅವ್ರ ಕಡೆ ಹದಿನಾಕ್ ಹೆಂಗ ಹೋತ್ರೀ?'

ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ. ನಿಜವಾಗಿ ಅರ್ಥವಾಗದೆ ಕೇಳುತ್ತಿದ್ದ. ಎಲ್ಲೋ ಕಂಪ್ಯೂಟರ್‌ನಲ್ಲಿ ತಪ್ಪಾಗಿರಬೇಕು, ಮೇಡಂ ಸರಿ ಮಾಡಿಸುತ್ತಾರೆ ಅಂತ ಅವನ ನಂಬಿಕೆ. 'ಚೆಕ್ ಮಾಡಿ ಹೇಳ್ತೀನಿ' ಅಂದೆ. ನಮ್ಮ ಧಂಧೆಯಲ್ಲಿ ಅತಿ ಹೆಚ್ಚು ಬಳಸುವ ವಾಕ್ಯ ಅದು. ಚೆಕ್ ಮಾಡುವವರೂ ಇಲ್ಲ, ಹೇಳುವವರೂ ಇಲ್ಲ.

ಟೀಮ್ ಲೀಡ್ ಹೇಳಿದ್ದು ಒಂದೇ ಮಾತು. 'ಫೋನ್ ತೆಗೀಬೇಡ. ನಾಲ್ಕು ದಿನ ಆದ್ಮೇಲೆ ಅವನೇ ಬಿಟ್ಬಿಡ್ತಾನೆ.' ಕಂಪನಿಗೆ ಅವರು ಬರೆದ ಮೇಲ್ ನನಗೂ ಕಾಪಿ ಬಂತು. ಕ್ಯಾಂಡಿಡೇಟ್ ನಮಗೆ ತಪ್ಪು ಮಾಹಿತಿ ಕೊಟ್ಟಿದ್ದಾನೆ, ಅವನನ್ನು ನಮ್ಮ ಲಿಸ್ಟಿನಲ್ಲಿ ಕಪ್ಪುಪಟ್ಟಿಗೆ ಸೇರಿಸಿದ್ದೇವೆ, ಕ್ಷಮಿಸಿ.

ಎರಡು ದಿನ ನಾನು ಫೋನ್ ತೆಗೆಯಲಿಲ್ಲ. ಇದನ್ನು ಬಚ್ಚಿಡುವುದಿಲ್ಲ. ಒಟ್ಟು ಹದಿನೇಳು ಮಿಸ್ಡ್ ಕಾಲ್. ಎರಡನೇ ದಿನ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಬಂತು: 'ಮನ್ಯಾಗ ಎಲ್ಲಾರಿಗೂ ಹೇಳೀನ್ರೀ.' ಅಷ್ಟೇ.

ನನ್ನ ಅಪ್ಪನೂ ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದರಲ್ಲ.

ಮೂರನೇ ದಿನ ಬೆಳಿಗ್ಗೆ ಆಫೀಸಿಗೆ ಬೇಗ ಹೋದೆ. ಅವನು ಮೊದಲು ಕಳಿಸಿದ್ದ ಮೇಲ್ ನನ್ನ ಇನ್‌ಬಾಕ್ಸ್‌ನಲ್ಲಿ ಹಾಗೇ ಇತ್ತು, ಅಸಲಿ ರೆಸ್ಯೂಮ್ ಸಮೇತ. ಅದನ್ನು ಕಂಪನಿಯ ಎಚ್‌ಆರ್ ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡಿ ಮೇಲೆ ಐದು ಸಾಲು ಬರೆದೆ. ಇದು ಅವರು ನಮಗೆ ಕಳಿಸಿದ್ದು. ವರ್ಷ ಬದಲಿಸಿದ್ದು ನಾನು. ಅವರಿಗೆ ತಿಳಿಸಿರಲಿಲ್ಲ. 'ನಾವು' ಅಂತ ಬರೆದು, ಅಳಿಸಿ, 'ನಾನು' ಅಂತ ಮಾಡಿದೆ. ಅದಕ್ಕೇ ಕಾಲು ಗಂಟೆ ಹಿಡಿಯಿತು. ಸೆಂಡ್ ಒತ್ತಿದ ಮೇಲೆ ಅವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ಜಾಸ್ತಿ ಮಾತಾಡಲಿಲ್ಲ. 'ಯಾಕ್ರೀ ಮೇಡಂ' ಅಂತ ಒಂದು ಸಲ ಕೇಳಿದ. ಉತ್ತರ ಇರಲಿಲ್ಲ.

ಇದರಿಂದ ಅವನಿಗೆ ಆ ಕೆಲಸವೇನೂ ವಾಪಸ್ ಸಿಗಲಿಲ್ಲ. ಓಪನಿಂಗ್‌ಗೆ ನಾಲ್ಕು ವರ್ಷ ಬೇಕು ಅಂದರೆ ನಾಲ್ಕು ವರ್ಷವೇ ಬೇಕು. ಆದರೆ ಮೋಸ ಮಾಡಿದವನು ಅನ್ನುವ ಗುರುತು ಅವರ ದಾಖಲೆಯಿಂದ ತೆಗೆದುಹಾಕಿದ್ದೇವೆ ಅಂತ ಆ ಮ್ಯಾನೇಜರ್ ಅವನಿಗೆ ಮೇಲ್ ಕಳಿಸಿದರು. ಹಳೇ ಕಂಪನಿಯವರು ರಾಜೀನಾಮೆ ವಾಪಸ್ ತೆಗೆದುಕೊಳ್ಳಲು ಬಿಟ್ಟರು, ಆ ವರ್ಷದ ಸಂಬಳದ ಹೈಕ್ ಮಾತ್ರ ಕೊಡಲಿಲ್ಲ. ನಮ್ಮ ಕನ್ಸಲ್ಟೆನ್ಸಿಯನ್ನು ಆ ಕಂಪನಿ ತನ್ನ ವೆಂಡರ್ ಪಟ್ಟಿಯಿಂದ ಕೈಬಿಟ್ಟಿತು. ನನ್ನನ್ನು ಕನ್ಸಲ್ಟೆನ್ಸಿ ಕೈಬಿಟ್ಟಿತು. ಟೀಮ್ ಲೀಡ್ ನನ್ನ ಜೊತೆ ಮಾತು ನಿಲ್ಲಿಸಿದರು. ಅದು ಕೆಲಸ ಹೋದದ್ದಕ್ಕಿಂತ ಜಾಸ್ತಿ ಬೇಜಾರಾಯಿತು.

ಮೂರು ತಿಂಗಳು ಮನೆಯಲ್ಲಿದ್ದೆ. ಆಮೇಲೆ ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ಒಳಗಿನ ರಿಕ್ರೂಟರ್ ಆಗಿ ಸೇರಿದೆ. ಈಗ ನಾನು ದುಡ್ಡು ಕೊಡುವವರ ಕಡೆ. ಇಲ್ಲಿ ಎಲ್ಲ ಶುದ್ಧವಾಗಿರುತ್ತದೆ ಅಂದುಕೊಂಡಿದ್ದೆ. ಮೂರೇ ವಾರಕ್ಕೆ ಒಬ್ಬ ಮ್ಯಾನೇಜರ್ ಬಂದು ಹೇಳಿದರು: 'ಈ ಸಲ ಹುಡುಗೀರು ಬೇಡ. ಇಬ್ಬರು ಆಗಲೇ ಮೆಟರ್ನಿಟಿ ಲೀವ್‌ನಲ್ಲಿದಾರೆ.' ಮೇಲ್‌ನಲ್ಲಿ ಬರೆದು ಕಳಿಸಿ ಸರ್ ಅಂದೆ. ಕಳಿಸಲಿಲ್ಲ. ಇಂಥ ಮಾತು ಯಾರೂ ಬರೆಯುವುದಿಲ್ಲ, ಬಾಯಲ್ಲೇ ಹೇಳುತ್ತಾರೆ. ಹೆಣ್ಣು ಅನ್ನುವ ಕಾರಣಕ್ಕೆ ನೇಮಕದಲ್ಲಿ ಭೇದ ಮಾಡಬಾರದು ಅಂತ 1976ರ ಸಮಾನ ವೇತನ ಕಾಯ್ದೆಯಲ್ಲೇ ಇತ್ತು. ಈಗ ಅದು 2019ರ ವೇತನ ಸಂಹಿತೆಯೊಳಗೆ ಸೇರಿದೆ. ಕಾನೂನು ಇದೆ. ಆದರೆ 'ಮದುವೆ ಯಾವಾಗ?' ಅಂತ ಇಂಟರ್ವ್ಯೂನಲ್ಲಿ ಕೇಳುವ ದನಿ ಎಷ್ಟು ಮೃದುವಾಗಿರುತ್ತದೆಂದರೆ, ಮನೆಗೆ ಬಂದ ಸೋದರತ್ತೆ ಕೇಳಿದಂತಿರುತ್ತದೆ. ಹುಡುಗಿಯರು ನಗುತ್ತಾ ಉತ್ತರ ಕೊಟ್ಟುಬಿಡುತ್ತಾರೆ. ನಾನೂ ಕೊಟ್ಟಿದ್ದೇನೆ.

ಅಲ್ಲಿ ಇನ್ನೊಂದು ವಿದ್ಯೆ ಕಂಡೆ. ಹೊರಗಿನ ಕನ್ಸಲ್ಟೆನ್ಸಿಗಳಿಂದ ಒಳಗಿನ ಎಚ್‌ಆರ್ ಪಾಲು ಕೇಳುವುದು. 8.33ರಲ್ಲಿ ಒಂದು ಪರ್ಸೆಂಟ್ 'ನಮಗೆ'. ದೀಪಾವಳಿಗೆ ಡ್ರೈ ಫ್ರೂಟ್ಸ್ ಬಾಕ್ಸ್‌ನಿಂದ ಶುರುವಾಗಿ ಎಲ್ಲಿಗೋ ಹೋಗಿ ನಿಲ್ಲುತ್ತದೆ. ಆಗ ಏನಾಗುತ್ತದೆ ಗೊತ್ತಾ? ಯಾವ ರೆಸ್ಯೂಮ್ ಮೇಲೆ ಬರುತ್ತದೆ ಅನ್ನೋದು ಹುಡುಗನ ಕೈಯಲ್ಲಿ ಇರುವುದೇ ಇಲ್ಲ. ಅವನು ಯಾರ ಮೂಲಕ ಬಂದ ಅನ್ನುವುದರ ಮೇಲೆ ನಿಲ್ಲುತ್ತದೆ. ಅವನು ಮನೆಯಲ್ಲಿ ಕೂತು 'ನನ್ನ ರೆಸ್ಯೂಮ್ ಸರಿ ಇಲ್ಲವೇನೋ' ಅಂತ ಫಾಂಟ್ ಬದಲಾಯಿಸುತ್ತಿರುತ್ತಾನೆ.

ಖಾಲಿ ಇಲ್ಲದ ಹುದ್ದೆಗೆ ಜಾಹೀರಾತು ಹಾಕುವುದೂ ಇದೆ. ಮುಂದೆ ಬೇಕಾಗಬಹುದು, ರೆಸ್ಯೂಮ್ ಕೂಡಿಟ್ಟುಕೊಳ್ಳೋಣ ಅಂತ. ನೂರಾರು ಜನ ಅರ್ಜಿ ಹಾಕುತ್ತಾರೆ, ಒಬ್ಬರಿಗೂ ಉತ್ತರ ಇಲ್ಲ.

ಕ್ಯಾಂಡಿಡೇಟ್‌ಗಳೆಲ್ಲ ಹಸುಗೂಸುಗಳು ಅಂತ ನಾನು ಹೇಳುತ್ತಿಲ್ಲ. 2021-22ರ ಹೊತ್ತಿಗೆ ಐಟಿಯಲ್ಲಿ ಜನ ಸಿಗದೆ ಕಂಪನಿಗಳು ಪರದಾಡುತ್ತಿದ್ದಾಗ ನಾವು ಅನುಭವಿಸಿದ್ದು ನಮಗೇ ಗೊತ್ತು. ಒಬ್ಬೊಬ್ಬರ ಕೈಯಲ್ಲಿ ನಾಲ್ಕೈದು ಆಫರ್. ಒಂದನ್ನು ತೋರಿಸಿ ಇನ್ನೊಂದು ಕಡೆ ಸಂಬಳ ಏರಿಸಿಕೊಳ್ಳುವುದು. 90 ದಿನ ಕಾಯಿಸಿ, ಜಾಯಿನಿಂಗ್ ದಿನ ಬೆಳಿಗ್ಗೆ ಫೋನ್ ಸ್ವಿಚ್ ಆಫ್. ಒಬ್ಬ ಮಹಾಶಯನಂತೂ ಅಜ್ಜಿ ತೀರಿಕೊಂಡರು ಅಂದ. ಮುಂದಿನ ತಿಂಗಳು ಇನ್ನೊಂದು ಕಂಪನಿಯ ಪರವಾಗಿ ನನ್ನ ಗೆಳತಿ ಅವನಿಗೆ ಫೋನ್ ಮಾಡಿದಾಗಲೂ ಅದೇ ಅಜ್ಜಿ ತೀರಿಕೊಂಡಿದ್ದರು. ವೀಡಿಯೊ ಇಂಟರ್ವ್ಯೂನಲ್ಲಿ ಒಬ್ಬ ಬಾಯಿ ಆಡಿಸುತ್ತಿದ್ದ, ಉತ್ತರ ಪಕ್ಕದ ಕೋಣೆಯಿಂದ ಬರುತ್ತಿತ್ತು. ತುಟಿಗೂ ಮಾತಿಗೂ ತಾಳ ತಪ್ಪಿದಾಗ ನಮ್ಮ ಇಂಟರ್ವ್ಯೂವರ್‌ಗೆ ನಗು ತಡೆಯಲಾಗಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೋ ಅಧ್ಯಕ್ಷ ರಿಷದ್ ಪ್ರೇಮ್‌ಜಿ, ನಮ್ಮಲ್ಲಿ ಕೆಲಸ ಮಾಡುತ್ತಲೇ ಪೈಪೋಟಿ ಕಂಪನಿಗೂ ದುಡಿಯುತ್ತಿದ್ದ 300 ಜನರನ್ನು ತೆಗೆದೆವು ಅಂತ ಹೇಳಿದ್ದು ನಿಮಗೆ ನೆನಪಿರಬಹುದು. ಅದಾದ ಮೇಲೆ ನಾವೂ ಪಿಎಫ್ ದಾಖಲೆಯನ್ನು ಎರಡೆರಡು ಸಲ ನೋಡತೊಡಗಿದೆವು.

ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಹುಡುಗ ಕೈ ಕೊಟ್ಟರೆ ಕಂಪನಿಗೆ ಒಂದು ಹುದ್ದೆ ಎರಡು ತಿಂಗಳು ಖಾಲಿ. ಕಂಪನಿ ಕೈ ಕೊಟ್ಟರೆ ಅವನ ಮನೆಯಲ್ಲಿ ಅನ್ನದ ಪ್ರಶ್ನೆ.

2022ರ ಕೊನೆಯಲ್ಲಿ ಗೆಳತಿಯೊಬ್ಬಳ ಜೊತೆ ಸೇರಿ ರಾಜಾಜಿನಗರದಲ್ಲಿ ನಮ್ಮದೇ ಕನ್ಸಲ್ಟೆನ್ಸಿ ಶುರು ಮಾಡಿದೆ. ಇಬ್ಬರು, ಎರಡು ಲ್ಯಾಪ್‌ಟಾಪ್, ಒಂದು ಫ್ಯಾನ್. ಇದನ್ನು ತೆರೆಯುವುದು ಎಷ್ಟು ಸುಲಭ ಅಂತ ನನಗೇ ಆಶ್ಚರ್ಯವಾಯಿತು. ಅಂಗಡಿ ಕಾಯ್ದೆಯಡಿ ನೋಂದಣಿ, ಜಿಎಸ್‌ಟಿ ನಂಬರ್, ಒಂದು ಬೋರ್ಡು. ಮುಗಿಯಿತು. ಜನರನ್ನು ಗಲ್ಫ್‌ಗೆ ಕಳಿಸಬೇಕಾದರೆ 1983ರ ವಲಸೆ ಕಾಯ್ದೆಯಡಿ ಏಜೆಂಟ್ ನೋಂದಣಿ ಆಗಿರಲೇಬೇಕು. ಕೆಲಸಗಾರನಿಂದ ತೆಗೆದುಕೊಳ್ಳುವ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ದಾಟಬಾರದು ಅಂತ ಮಿತಿಯೂ ಇದೆ. ಆದರೆ ಹಾವೇರಿಯಿಂದ ಬೆಂಗಳೂರಿಗೆ ಕಳಿಸಲಿಕ್ಕೆ? ಬೋರ್ಡು ಸಾಕು. ಹಾಗಾಗಿಯೇ 'ರಿಜಿಸ್ಟ್ರೇಶನ್ ಫೀ 2,500, ಕೆಲಸ ಗ್ಯಾರಂಟಿ' ಅನ್ನುವ ಚೀಟಿಗಳು ಮೆಜೆಸ್ಟಿಕ್ ಬಸ್ಸುಗಳ ಸೀಟಿನ ಹಿಂದೆ ಅಂಟಿಕೊಂಡಿರುವುದು. ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಿ ಆಗಲಿ ಸುತ್ತುಬಳಸಿ ಆಗಲಿ ಹಣ ಪಡೆಯಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1997ರಲ್ಲೇ 181ನೇ ಒಡಂಬಡಿಕೆಯಲ್ಲಿ ಹೇಳಿದೆ. ಭಾರತ ಅದನ್ನು ಇನ್ನೂ ಒಪ್ಪಿಕೊಂಡಿಲ್ಲ.

ಯಾರೂ ನಿಯಮ ಕೊಡದಿದ್ದರೆ ನಾವೇ ಬರೆದುಕೊಳ್ಳಬೇಕಾಯಿತು. ಒಂದು ಭಾನುವಾರ ಕೂತು ಒಂದು ಹಾಳೆಯಲ್ಲಿ ಬರೆದೆವು. ದೊಡ್ಡ ಮಾತೇನೂ ಇಲ್ಲ ಅದರಲ್ಲಿ. ಯಾರ ರೆಸ್ಯೂಮನ್ನೂ ಅವರು ಮೇಲ್‌ನಲ್ಲಿ 'ಸರಿ' ಅನ್ನದೆ ಕಳಿಸುವುದಿಲ್ಲ. ಯಾವ ಕಂಪನಿ ಅಂತ ಮೊದಲೇ ಹೆಸರು ಹೇಳುತ್ತೇವೆ. ಕಂಪನಿಗೆ ಹೋಗುವ ಮೇಲ್‌ನ ಕಾಪಿ ಅವರಿಗೂ ಹೋಗುತ್ತದೆ. ಈ ಮೂರನೆಯದಕ್ಕೆ ಗೆಳತಿ ಹೆದರಿದಳು. ಕ್ಯಾಂಡಿಡೇಟ್ ನೇರವಾಗಿ ಕಂಪನಿಗೆ ಬರೆದು ನಮ್ಮನ್ನು ಬಿಟ್ಟುಬಿಟ್ಟರೆ? ಬಿಡಲಿ ಅಂದೆ. ಆ ವರ್ಷ ಇಬ್ಬರು ಬಿಟ್ಟರು. ಒಂದೂವರೆ ಲಕ್ಷ ಹೋಯಿತು. ಗೆಳತಿ ಒಂದು ವಾರ ನನ್ನ ಮುಖ ನೋಡಲಿಲ್ಲ. ಹಾಳೆ ಹರಿಯಲಿಲ್ಲ ಸದ್ಯ.

ಮಾತಾಡುವಾಗ ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಕಂಪನಿಯವರೂ ಕ್ಯಾಂಡಿಡೇಟೂ ಇಬ್ಬರೂ ಈಗ ಇದೇ ಕಾಲ್‌ನಲ್ಲಿ ಇದ್ದಿದ್ದರೆ ಈ ಮಾತು ಹೇಳುತ್ತಿದ್ದೆನಾ? ಸಂಬಳದ ವಿಷಯಕ್ಕೆ ಬಂದರೆ ಈ ಅಳತೆ ಬಹಳ ಕಷ್ಟ. ಕಂಪನಿ 12 ಲಕ್ಷದವರೆಗೆ ಕೊಡಲು ಸಿದ್ಧವಿದೆ, ಹುಡುಗಿ 8 ಕೇಳುತ್ತಿದ್ದಾಳೆ. ಹೇಳಬೇಕಾ ಬೇಡವಾ? 8ಕ್ಕೆ ತಂದುಕೊಟ್ಟರೆ ಕಂಪನಿ ಭೇಷ್ ಅನ್ನುತ್ತದೆ. 12 ಆದರೆ ನಮ್ಮ ಫೀಸೂ ಜಾಸ್ತಿ. ಎರಡೂ ಕಡೆ ನಮ್ಮ ಲಾಭವೇ ಕೂತಿದೆ, ನ್ಯಾಯ ಎಲ್ಲಿದೆ ಅಂತ ಹುಡುಕಬೇಕು. ಕೊನೆಗೆ ಕಂಪನಿಗಳಿಗೆ ಮೊದಲೇ ಹೇಳಿಬಿಟ್ಟೆವು: ಸಂಬಳದ ಮಿತಿ ನಮಗೆ ಹೇಳಿದರೆ ಅದನ್ನು ಕ್ಯಾಂಡಿಡೇಟ್‌ಗೂ ಹೇಳುತ್ತೇವೆ. ಗುಟ್ಟಾಗಿಡಬೇಕಿದ್ದರೆ ನಮಗೂ ಹೇಳಬೇಡಿ. ಒಂದು ಕಂಪನಿ ಅದಕ್ಕೇ ನಮ್ಮನ್ನು ಬಿಟ್ಟಿತು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ತೊಂಬತ್ತೊಂದನೇ ದಿನ. ರಿಪ್ಲೇಸ್‌ಮೆಂಟ್ ಅವಧಿ 90 ದಿನ ಅಂದೆನಲ್ಲ. ಅದು ಮುಗಿದ ಮಾರನೇ ದಿನವೇ ತಾವೇ ಸೇರಿಸಿದ ಹುಡುಗನಿಗೆ ಫೋನ್ ಮಾಡುವ ಕನ್ಸಲ್ಟೆನ್ಸಿಗಳಿವೆ. 'ಹೇಗಿದೆ ಕೆಲಸ? ಇನ್ನೊಂದು ಒಳ್ಳೇ ಓಪನಿಂಗ್ ಇದೆ, ನೋಡ್ತೀರಾ?' ಒಂದೇ ಆಳಿಗೆ ಎರಡು ಸಲ ಫೀಸು. ಮೇಲೆ ಅವನು ಬಿಟ್ಟುಬಂದ ಜಾಗ ತುಂಬಲಿಕ್ಕೆ ಮತ್ತೊಂದು. ನನ್ನ ಹಳೇ ಆಫೀಸಿನಲ್ಲಿ ಇದಕ್ಕೆ ಕ್ಯಾಲೆಂಡರ್‌ನಲ್ಲಿ ರಿಮೈಂಡರ್ ಇಡುತ್ತಿದ್ದರು. 2023ರಲ್ಲಿ ಐಟಿಯಲ್ಲಿ ನೇಮಕ ನಿಂತುಹೋಗಿ ನಾಲ್ಕು ತಿಂಗಳು ಬಾಡಿಗೆ ಕೈಯಿಂದ ಕಟ್ಟಿದಾಗ ನಾನೂ ಆ ಪಟ್ಟಿ ತೆರೆದು ಕೂತಿದ್ದೆ. ಎರಡು ನಂಬರ್ ಡಯಲ್ ಕೂಡ ಮಾಡಿದೆ. ಮೊದಲನೆಯವರು ತೆಗೆಯಲಿಲ್ಲ. ಎರಡನೆಯವರು ತೆಗೆದು, 'ಅಯ್ಯೋ ಮೇಡಂ, ನೀವೇ ನೆನಪಿಟ್ಟು ಫೋನ್ ಮಾಡಿದ್ರಲ್ಲ, ಕೆಲಸ ತುಂಬಾ ಚೆನ್ನಾಗಿದೆ' ಅಂದರು. 'ಹೌದಾ, ಸುಮ್ನೆ ವಿಚಾರಿಸೋಣ ಅಂತ' ಅಂದು ಇಟ್ಟೆ. ಇಬ್ಬರೂ ಲೈನಿನಲ್ಲಿದ್ದರೆ ಅನ್ನುವ ನನ್ನ ಅಳತೆಗೆ ಅದೂ ಸುಳ್ಳೇ.

ಇನ್ನೊಂದು ಕೆಲಸ ತಡವಾಗಿ ಮಾಡಿದೆ. ಹಳೇ ಟ್ರ್ಯಾಕರ್‌ಗಳು. ನಾನು ಮೊದಲ ಆಫೀಸು ಬಿಡುವಾಗ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಬಂದಿದ್ದೆ. ಎಲ್ಲರೂ ಹಾಗೇ ಮಾಡುತ್ತಾರೆ, ನಮ್ಮಲ್ಲಿ ಅದನ್ನು ಕಳವು ಅಂತ ಯಾರೂ ಎಣಿಸುವುದಿಲ್ಲ. ಸಾವಿರಾರು ಜನರ ಹೆಸರು, ಫೋನ್, ಸಂಬಳ, ಕೆಲವರ ಪ್ಯಾನ್ ಮತ್ತು ಆಧಾರ್ ಸ್ಕ್ಯಾನ್. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ. ಯಾವ ಉದ್ದೇಶಕ್ಕೆ ಅಂತ ಹೇಳಿ ಒಪ್ಪಿಗೆ ಪಡೆಯಬೇಕು, ಉದ್ದೇಶ ಮುಗಿದರೆ ಅಳಿಸಬೇಕು. ಅದರ ಸುದ್ದಿ ಓದುತ್ತಾ ಇದ್ದಾಗ ಆ ಪೆನ್‌ಡ್ರೈವ್ ನೆನಪಾಯಿತು. ಅಳಿಸುವ ಮುಂಚೆ ಒಂದು ಸಲ ತೆರೆದೆ. ಹಾವೇರಿ ಹುಡುಗನ ಸಾಲು ಸಿಕ್ಕಿತು. ಕೊನೇ ಕಾಲಂನಲ್ಲಿ ಕೆಂಪು ಬಣ್ಣದಲ್ಲಿ 'ಫೇಕ್' ಅಂತಿತ್ತು. ನಾನು ಬರೆದದ್ದಲ್ಲ. ಎಲ್ಲವನ್ನೂ ಅಳಿಸಿದೆ. ಆದರೆ ಅದೇ ಶೀಟು ಆ ಆಫೀಸಿನ ಇನ್ನೆಷ್ಟು ಪೆನ್‌ಡ್ರೈವ್‌ಗಳಲ್ಲಿ ಊರೂರು ತಿರುಗುತ್ತಿದೆಯೋ.

ಅದಾಗಿ ಎರಡು ತಿಂಗಳಿಗೆ ಒಂದು ಹೊಸ ನಂಬರ್‌ನಿಂದ ಫೋನ್ ಬಂತು.

'ಮೇಡಂರೀ, ಗುರ್ತು ಸಿಕ್ಕಿತೇನ್ರೀ?'

ದನಿ ಕೇಳಿದ ಕೂಡಲೇ ಸಿಕ್ಕಿತು. ಅವನ ಕಂಪನಿಯಲ್ಲಿ ಜನರನ್ನು ತೆಗೆದಿದ್ದರು, ಇವನೂ ಅದರಲ್ಲಿ ಒಬ್ಬ. ಈಗ ಹತ್ತು ವರ್ಷದ ಅನುಭವ. ಮದುವೆ ಆಗಿದೆ, ಹಾವೇರಿಯಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ನನ್ನ ನಂಬರ್ ಯಾರೋ ಗೆಳೆಯರು ಕೊಟ್ಟರಂತೆ, ಹೆಸರು ನೋಡಿ ಇವರೇ ಇರಬಹುದು ಅನಿಸಿತಂತೆ. ನನಗೆ ಏನು ಮಾತಾಡಬೇಕೋ ತೋಚಲಿಲ್ಲ. ಒಂದು ಓಪನಿಂಗ್ ಇದೆ, ಹೊಂದುತ್ತದೆ ಅನಿಸುತ್ತದೆ, ಕಳಿಸಲಾ ಅಂತ ಕೇಳಿದೆ.

'ಕಳಿಸ್ರೀ' ಅಂದ. ಸ್ವಲ್ಪ ತಡೆದು, 'ಆದ್ರ ಕಳಿಸೂ ಮುಂದ ನನಗೊಂದ್ ಕಾಪಿ ಹಾಕ್ರೀ. ತಪ್ಪ ತಿಳ್ಕೋಬ್ಯಾಡ್ರೀ' ಅಂದ.

'ಎಲ್ಲರಿಗೂ ಹಾಕ್ತೀವಿ' ಅಂದೆ. ಆ ಮಾತು ನನ್ನ ಬಾಯಲ್ಲಿ ಎಷ್ಟು ಸಣ್ಣದಾಗಿ ಕೇಳಿಸಿತು ಅಂದರೆ!

ಕಾಪಿ ಹಾಕಿದೆ. ಅವನು ಪ್ರತಿ ಸಾಲೂ ಓದಿದ ಅಂತ ಕಾಣುತ್ತದೆ, ಒಂದೂವರೆ ಗಂಟೆ ಬಿಟ್ಟು 'ಓಕೆ' ಬಂತು. ಮೊದಲ ರೌಂಡ್ ಆಯಿತು. ಎರಡನೆಯದರಲ್ಲಿ ಆಗಲಿಲ್ಲ. ಕಂಪನಿಯವರು ಕಾರಣ ಹೇಳಲಿಲ್ಲ, ನಾನು ಎರಡು ಸಲ ಕೇಳಿ ಪಡೆದೆ: ಕ್ಲೌಡ್ ಕೆಲಸದ ಅನುಭವ ಸಾಲದು. ಅವತ್ತೇ ಸಂಜೆ ಆರೂವರೆಗೆ ಅವನಿಗೆ ಫೋನ್ ಮಾಡಿ, ಆಗಿಲ್ಲ ಅಂತಲೂ, ಯಾಕೆ ಆಗಿಲ್ಲ ಅಂತಲೂ ಹೇಳಿದೆ.

'ಆತ್ ಬಿಡ್ರೀ ಮೇಡಂ. ಮತ್ತೇನರ ಬಂದ್ರ ಹೇಳ್ರೀ.'

ಫೋನ್ ಇಟ್ಟು ಅವನ ಸಾಲಿನ ಕೊನೇ ಕಾಲಂನಲ್ಲಿ 'ಎರಡನೇ ರೌಂಡ್ ರಿಜೆಕ್ಟ್, ಫೋನ್ ಮಾಡಿ ತಿಳಿಸಿದೆ' ಅಂತ ಟೈಪ್ ಮಾಡಿದೆ. ಪಟ್ಟಿಯಲ್ಲಿ ಇನ್ನೂ ಮೂವರಿಗೆ ಅದನ್ನೇ ತಿಳಿಸುವುದಿತ್ತು. ಮುಂದಿನ ನಂಬರ್ ಒತ್ತಿದೆ.